ಮಿರಿಸ್ಸಾದಲ್ಲಿ ತಿಮಿಂಗಿಲ ವೀಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಕೆಟ್ ಮೈದಾನದಿಂದಾಗಿ ನಮ್ಮವರಿಗೆಲ್ಲ ಹೆಸರು ಗೊತ್ತಿರುವ ಗಾಲೆ ನಗರದಿಂದ ಪೂರ್ವಕ್ಕೆ ಸುಮಾರು 35 ಕಿಲೋಮೀಟರ್ ಹೋದರೆ ಮಿರಿಸ್ಸಾ ಎಂಬ ಮೀನುಗಾರರ ಊರು ಸಿಗುತ್ತದೆ. ಶ್ರೀಲಂಕಾದ ದಕ್ಷಿಣ ತುದಿಯ ಈ ಬಂದರಿನಿಂದ ಬೆಳಿಗ್ಗೆ ಹೊರಡುವ ಬೋಟುಗಳಲ್ಲಿ ನೀಲಿ ತಿಮಿಂಗಿಲವನ್ನು ನೋಡಲು ಹೋಗಬಹುದು. ನಾನು ಎರಡು ಬಾರಿ ಹೋಗಿ ಬಂದಿದ್ದೇನೆ. ಹೋಗುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟರೆ ಅನುಕೂಲವೆಂದು ಇದನ್ನು ಸಿದ್ಧಪಡಿಸಿದ್ದೇನೆ.

ತಿಮಿಂಗಿಲಗಳು ಮಿರಿಸ್ಸಾದ ಬಳಿಯೇ ಏಕೆ ಕಾಣುತ್ತವೆ?

ಇದಕ್ಕೆ ಕಾರಣ ಕಡಲ ತಳದ ರಚನೆ. ಮಂಗಳೂರು ಅಥವಾ ಮಲ್ಪೆಯಿಂದ ಪಶ್ಚಿಮಕ್ಕೆ ಹೊರಟರೆ ಸಮುದ್ರ ನಿಧಾನವಾಗಿ ಆಳವಾಗುತ್ತ ಹೋಗುತ್ತದೆ. ನಿಜವಾದ ಆಳಸಮುದ್ರ ಸಿಗಬೇಕಾದರೆ ಹತ್ತಾರು ಕಿಲೋಮೀಟರ್ ಸಾಗಬೇಕು. ಮಿರಿಸ್ಸಾದ ಪೂರ್ವಕ್ಕಿರುವ ದೊಂಡ್ರಾ ಭೂಶಿರದ ಎದುರಿನಲ್ಲಿ ಹಾಗಿಲ್ಲ. ಅಲ್ಲಿ ದಂಡೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಕಡಲತಳ ಗೋಡೆಯಂತೆ ಕುಸಿದು, ಆಳ ಸಾವಿರ ಮೀಟರನ್ನು ದಾಟುತ್ತದೆ. ಮುಂಗಾರು ಹಿಂಗಾರುಗಳ ಜೊತೆಗೆ ದಿಕ್ಕು ಬದಲಿಸುವ ಪ್ರವಾಹಗಳು ಈ ಇಳಿಜಾರಿಗೆ ತಾಗಿದಾಗ ತಳದ ಪೋಷಕಾಂಶಗಳು ಮೇಲಕ್ಕೆ ಬರುತ್ತವೆ, ಅದನ್ನು ನೆಚ್ಚಿ ಸಣ್ಣ ಜೀವಿಗಳು ಬೆಳೆಯುತ್ತವೆ, ಆ ಸಣ್ಣ ಜೀವಿಗಳನ್ನು ತಿನ್ನಲು ಅತಿ ದೊಡ್ಡ ಜೀವಿ ಬರುತ್ತದೆ. ಬೇರೆಡೆಯ ನೀಲಿ ತಿಮಿಂಗಿಲಗಳಿಗೆ ಕ್ರಿಲ್ ಎಂಬ, ಸಿಗಡಿಯನ್ನು ಹೋಲುವ ಸಣ್ಣ ಜೀವಿ ಮುಖ್ಯ ಆಹಾರವಾದರೆ, ಶ್ರೀಲಂಕಾದ ಸುತ್ತಲಿನವು ಒಂದು ಬಗೆಯ ಪುಟಾಣಿ ಸಿಗಡಿಯನ್ನೂ ತಿನ್ನುತ್ತವೆ.

ಇನ್ನೊಂದು ವಿಶೇಷವಿದೆ. ಸಾಮಾನ್ಯವಾಗಿ ನೀಲಿ ತಿಮಿಂಗಿಲಗಳು ಆಹಾರಕ್ಕೆಂದು ಧ್ರುವದ ಕಡೆಯ ತಣ್ಣೀರಿಗೂ, ಮರಿ ಹಾಕಲು ಬೆಚ್ಚಗಿನ ನೀರಿಗೂ ಸಾವಿರಾರು ಕಿಲೋಮೀಟರ್ ವಲಸೆ ಹೋಗುತ್ತವೆ. ಉತ್ತರ ಹಿಂದೂ ಮಹಾಸಾಗರದ ಇವು ಮಾತ್ರ ವರ್ಷವಿಡೀ ಉಷ್ಣವಲಯದಲ್ಲೇ ಉಳಿಯುತ್ತವೆ. ಶ್ರೀಲಂಕಾದ ಸಾಗರವಿಜ್ಞಾನಿ ಆಶಾ ಡಿ ವೋಸ್ 2003ರಲ್ಲಿ ಸಂಶೋಧನಾ ಹಡಗೊಂದರಲ್ಲಿದ್ದಾಗ ನೀರಿನ ಮೇಲೆ ಕೆಂಪಗೆ ತೇಲುತ್ತಿದ್ದ ತಿಮಿಂಗಿಲದ ಮಲವನ್ನು ಕಂಡು, 'ಇವು ಇಲ್ಲೇ ಮೇಯುತ್ತಿವೆ' ಎಂಬ ಸುಳಿವು ಹಿಡಿದರು. ಬೆಚ್ಚಗಿನ ನೀರಿನಲ್ಲಿ ತಿಮಿಂಗಿಲಗಳು ಮೇಯುವುದಿಲ್ಲವೆಂಬ ಪಾಠವನ್ನು ಅದು ಪ್ರಶ್ನಿಸಿತು. ಬೋಟಿನಲ್ಲಿ ಹೋಗುವಾಗ ನಿಮಗೂ ಅಂಥ ಕೆಂಪು ಕಲೆ ಕಂಡೀತು, ಮೂಗು ಮುಚ್ಚಿಕೊಳ್ಳುವ ಮೊದಲು ಒಮ್ಮೆ ಸರಿಯಾಗಿ ನೋಡಿರಿ.

ಯಾವ ತಿಂಗಳು ಸೂಕ್ತ?

ಮಿರಿಸ್ಸಾದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಸೀಸನ್. ಅದರಲ್ಲೂ ಜನವರಿಯಿಂದ ಮಾರ್ಚ್‌ವರೆಗೆ ಕಡಲು ಶಾಂತವಾಗಿರುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಮುಂಗಾರು ಸುರಿಯುವ ಹೊತ್ತಿಗೆ ಅಲ್ಲಿಯ ನೈಋತ್ಯ ಕರಾವಳಿಯಲ್ಲೂ ಕಡಲು ಉಕ್ಕುತ್ತಿರುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವವರು ಏಪ್ರಿಲ್ ಮೊದಲ ಎರಡು ವಾರಗಳನ್ನು ನೆಚ್ಚಿಕೊಳ್ಳುವುದು ಲೇಸು. ಮೇ ತಿಂಗಳಿಗೆ ಮುಂದೂಡಿದರೆ ದುಡ್ಡು ಕೊಟ್ಟು ಅಲೆ ಎಣಿಸಿ ಬಂದಂತಾಗುತ್ತದೆ. ಏಪ್ರಿಲ್ ಮಧ್ಯದಲ್ಲಿ ಸಿಂಹಳ ಮತ್ತು ತಮಿಳು ಹೊಸವರ್ಷ ಬರುವುದರಿಂದ ಆ ದಿನಗಳಲ್ಲಿ ಅಂಗಡಿಗಳೂ ಹೋಟೆಲುಗಳೂ ಮುಚ್ಚಿರುವುದುಂಟು.

ಮೇ ತಿಂಗಳ ನಂತರವೇ ಹೋಗಬೇಕಾದವರು ದ್ವೀಪದ ಪೂರ್ವಕ್ಕಿರುವ ತ್ರಿಂಕೋಮಲಿಯನ್ನು ಆರಿಸಿಕೊಳ್ಳಬಹುದು, ಅಲ್ಲಿ ಋತುಚಕ್ರ ತಿರುಗುಮುರುಗು. ವಾಯವ್ಯದ ಕಲ್ಪಿಟಿಯಾದಲ್ಲಿ ಸ್ಪಿನ್ನರ್ ಡಾಲ್ಫಿನ್‌ಗಳ ಭಾರಿ ಹಿಂಡುಗಳೂ, ಕೆಲವೊಮ್ಮೆ ಸ್ಪರ್ಮ್ ತಿಮಿಂಗಿಲಗಳೂ ಕಾಣುತ್ತವೆ.

ಬೆಂಗಳೂರಿನಿಂದ ಹೋಗುವುದು ಹೇಗೆ?

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ, ಹಾರಾಟ ಸುಮಾರು ಒಂದೂವರೆ ಗಂಟೆ. ಇಳಿಯುವ ಕಟುನಾಯಕೆ ವಿಮಾನ ನಿಲ್ದಾಣ ಕೊಲಂಬೊದ ಉತ್ತರಕ್ಕಿದ್ದು, ಅಲ್ಲಿಂದ ದಕ್ಷಿಣದ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಾರಿನಲ್ಲಿ ಮೂರು ಗಂಟೆ ಹಿಡಿಯುತ್ತದೆ. ಸಮಯವಿದ್ದವರು ಕೊಲಂಬೊ ಕೋಟೆ ನಿಲ್ದಾಣದಿಂದ ಮಾತರ ಕಡೆಗೆ ಹೋಗುವ ರೈಲು ಹಿಡಿಯಲಿ. ಬಹಳ ದೂರ ಹಳಿ ಕಡಲಿಗೆ ಅಂಟಿಕೊಂಡೇ ಸಾಗುತ್ತದೆ. ಮಿರಿಸ್ಸಾದಲ್ಲಿ ಚಿಕ್ಕ ನಿಲ್ದಾಣವೊಂದಿದ್ದರೂ ವೇಗದ ರೈಲುಗಳಿಗೆ ಪಕ್ಕದ ವೆಲಿಗಾಮವೇ ಅನುಕೂಲ, ಅಲ್ಲಿಂದ ಆಟೋ ಸಿಗುತ್ತದೆ. ಪ್ರಯಾಣಕ್ಕೆ ಮೊದಲು ಆನ್‌ಲೈನಿನಲ್ಲಿ ಪ್ರವೇಶಾನುಮತಿ ಪಡೆಯಬೇಕೇ, ಶುಲ್ಕವೆಷ್ಟು ಎಂಬುದನ್ನು ಸರ್ಕಾರಿ ಜಾಲತಾಣದಲ್ಲೇ ನೋಡಿಕೊಳ್ಳಿ, ಏಕೆಂದರೆ ಈ ನಿಯಮಗಳು ಆಗಾಗ ಬದಲಾಗುತ್ತವೆ.

ಬೋಟು ಬೆಳಿಗ್ಗೆ ಆರೂವರೆಯ ಸುಮಾರಿಗೆ ಹೊರಡುವುದರಿಂದ ಹಿಂದಿನ ರಾತ್ರಿ ಮಿರಿಸ್ಸಾ ಅಥವಾ ವೆಲಿಗಾಮದಲ್ಲೇ ತಂಗುವುದು ಒಳ್ಳೆಯದು. ಕೊಲಂಬೊದಿಂದ ನಡುರಾತ್ರಿ ಎದ್ದು ಬಂದು ಬೋಟು ಹತ್ತಿದವರ ಸ್ಥಿತಿಯನ್ನು ನಾನು ನೋಡಿದ್ದೇನೆ. ತಿಮಿಂಗಿಲ ಕಂಡ ಹೊತ್ತಿಗೆ ಅವರು ಬೆಂಚಿನ ಮೇಲೆ ನಿದ್ದೆ ಹೋಗಿದ್ದರು.

ಬೋಟನ್ನು ಆರಿಸುವಾಗ ಏನನ್ನು ವಿಚಾರಿಸಬೇಕು?

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಆದರೆ ಹೆಚ್ಚಿನವರು ದರವೊಂದನ್ನೇ ವಿಚಾರಿಸಿ ಸುಮ್ಮನಾಗುತ್ತಾರೆ.

ನನ್ನ ಮೊದಲ ಪ್ರವಾಸದಲ್ಲಿ ಕಡಲತೀರದ ರಸ್ತೆಯಲ್ಲಿ ಯಾರೋ ಕೈಗಿತ್ತ ಚೀಟಿ ನೋಡಿ, ಎಲ್ಲರಿಗಿಂತ ಅಗ್ಗವೆಂದು ಒಂದು ಬೋಟು ಹತ್ತಿದೆ. ಒಂದೂವರೆ ಗಂಟೆ ಸಾಗಿದ ಮೇಲೆ ದೂರದಲ್ಲಿ ನೀರಿನ ಕಂಬವೊಂದು ಎದ್ದದ್ದು ಕಂಡಿತು. ನಮ್ಮ ಚಾಲಕ ಎಂಜಿನ್ ವೇಗ ಏರಿಸಿ ನೇರ ಅದರ ಮೇಲೆಯೇ ಹೊರಟ. ಸುತ್ತಲಿದ್ದ ಇತರ ಐದಾರು ಬೋಟುಗಳೂ ಹಾಗೆಯೇ ನುಗ್ಗಿದವು. ತಿಮಿಂಗಿಲ ಎರಡು ಬಾರಿ ಉಸಿರು ಬಿಟ್ಟು ಬಾಲವನ್ನೂ ತೋರಿಸದೆ ಮುಳುಗಿತು. ಮತ್ತೆ ಎಲ್ಲೋ ಎದ್ದಿತು, ಮತ್ತೆ ಎಲ್ಲ ಬೋಟುಗಳೂ ಅಲ್ಲಿಗೆ ಓಡಿದವು. ಮೂರು ಸಲ ಹೀಗಾದ ಮೇಲೆ ನಮ್ಮ ಪಾಲಿಗೆ ಉಳಿದದ್ದು ಡೀಸೆಲ್ ಹೊಗೆ ಮಾತ್ರ. ಎರಡನೆಯ ಪ್ರವಾಸದ ಬೋಟಿನವನು ಹೆಚ್ಚು ದುಡ್ಡು ತೆಗೆದುಕೊಂಡ, ಆದರೆ ತಿಮಿಂಗಿಲ ಹೊರಟ ದಿಕ್ಕನ್ನು ಗಮನಿಸಿ, ಪಕ್ಕದಲ್ಲಿ ಸಾಕಷ್ಟು ದೂರವಿಟ್ಟು, ಎಂಜಿನ್ ತಗ್ಗಿಸಿ ಸುಮ್ಮನೆ ನಿಲ್ಲಿಸಿದ. ಆ ತಿಮಿಂಗಿಲ ತನ್ನ ಪಾಡಿಗೆ ತಾನು ಉಸಿರಾಡುತ್ತ, ಮುಳುಗುತ್ತ, ಏಳುತ್ತ ನಮ್ಮ ಎದುರಿನಲ್ಲಿ ಬಹಳ ಹೊತ್ತು ಇತ್ತು.

ಶ್ರೀಲಂಕಾದಲ್ಲಿ 2012ರಿಂದ ಸಾಗರ ಸಸ್ತನಿಗಳ ವೀಕ್ಷಣೆಗೆ ಕಾನೂನಿನ ನಿಯಮಗಳಿವೆ. ತಿಮಿಂಗಿಲದಿಂದ ಕನಿಷ್ಠ 100 ಮೀಟರ್ ದೂರವಿರಬೇಕೆಂಬುದು ಅವುಗಳಲ್ಲಿ ಒಂದು. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು 'ತಿಮಿಂಗಿಲದ ಎಷ್ಟು ಹತ್ತಿರ ಹೋಗುತ್ತೀರಿ?' ಎಂದು ಕೇಳಿ ನೋಡಿ. 'ತುಂಬ ಹತ್ತಿರ ಸಾರ್, ಮುಟ್ಟಬಹುದು' ಎನ್ನುವವನನ್ನು ಬಿಟ್ಟುಬಿಡಿ. 'ನಿಯಮವಿದೆ, ಅಷ್ಟು ದೂರದಲ್ಲೇ ನಿಲ್ಲಿಸುತ್ತೇವೆ' ಎನ್ನುವವನ ಬೋಟು ಹತ್ತಿ. ಇದರ ಜೊತೆಗೆ ಪರವಾನಗಿ ಇದೆಯೇ, ಎಷ್ಟು ಜನರನ್ನು ಹತ್ತಿಸುತ್ತಾರೆ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ಶೌಚಾಲಯವಿದೆಯೇ, ನೆರಳಿದೆಯೇ ಎಂಬುದನ್ನೂ ವಿಚಾರಿಸಿರಿ. ಟಿಕೆಟ್ಟಿನಲ್ಲಿ ತಿಂಡಿ, ನೀರು ಮತ್ತು ವಸತಿಯಿಂದ ಬಂದರಿಗೆ ಕರೆದೊಯ್ಯುವ ವಾಹನ ಸೇರಿದೆಯೇ ಎಂಬುದರ ಮೇಲೆ ದರ ಬಹಳ ವ್ಯತ್ಯಾಸವಾಗುತ್ತದೆ.

ತಿಮಿಂಗಿಲ ಕಂಡೇ ಕಾಣುತ್ತದೆಯೇ?

ಖಾತ್ರಿಯಿಲ್ಲ. ಸೀಸನ್ನಿನ ನಡುವೆ ಕಾಣುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೂ ಏನೂ ಕಾಣದೆ ಹಿಂತಿರುಗಿದವರೂ ಇದ್ದಾರೆ. ಕೆಲವು ಬೋಟಿನವರು ಏನೂ ಕಾಣದಿದ್ದರೆ ಮರುದಿನ ಉಚಿತವಾಗಿ ಕರೆದೊಯ್ಯುತ್ತಾರೆ, ಆದರೆ 'ಏನೂ' ಎಂಬುದರಲ್ಲಿ ಡಾಲ್ಫಿನ್ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಮಿರಿಸ್ಸಾದಲ್ಲಿ ಎರಡು ರಾತ್ರಿ ಉಳಿಯುವಂತೆ ಯೋಜನೆ ಹಾಕಿದರೆ ಈ ಚಿಂತೆ ಅರ್ಧ ಕಡಿಮೆಯಾಗುತ್ತದೆ.

ಯಾವ ಯಾವ ತಿಮಿಂಗಿಲಗಳು? ಗುರುತಿಸುವುದು ಹೇಗೆ?

ಮೊದಲು ಕಾಣುವುದು ಮೈಯಲ್ಲ, ಉಸಿರು. ನೀಲಿ ತಿಮಿಂಗಿಲದ ಉಸಿರು ನೆಟ್ಟಗಿನ ಕಂಬದಂತೆ ಎದ್ದು ಒಂಬತ್ತು ಮೀಟರಿನವರೆಗೂ ಏರಬಲ್ಲದು. ಗಾಳಿ ಇಲ್ಲದ ಬೆಳಿಗ್ಗೆ ಅದು ಕಿಲೋಮೀಟರುಗಟ್ಟಲೆ ದೂರಕ್ಕೆ ಕಾಣುತ್ತದೆ. ಆಮೇಲೆ ಬೂದು ಬಣ್ಣದ ಬೆನ್ನು ಉರುಳತೊಡಗುತ್ತದೆ. ಉರುಳುತ್ತಲೇ ಇರುತ್ತದೆ, ಇನ್ನೂ ಮುಗಿಯಲಿಲ್ಲವೇ ಎನ್ನಿಸುವಷ್ಟು ಹೊತ್ತು. ಕೊನೆಯಲ್ಲಿ, ಅಷ್ಟು ದೊಡ್ಡ ಮೈಗೆ ಹೊಂದದಷ್ಟು ಪುಟ್ಟ ಬೆನ್ನುರೆಕ್ಕೆ ಬರುತ್ತದೆ. ಈ ಭಾಗದ ನೀಲಿ ತಿಮಿಂಗಿಲಗಳು ಅಂಟಾರ್ಕ್ಟಿಕದವುಗಳಿಗಿಂತ ಚಿಕ್ಕವು, ಸುಮಾರು 24 ಮೀಟರಿನವರೆಗೆ ಬೆಳೆಯುತ್ತವೆ. ಚಿಕ್ಕವು ಎಂದರೂ ನಮ್ಮ ಕೆಎಸ್ಸಾರ್ಟಿಸಿಯ ಎರಡು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದ.

ಸ್ಪರ್ಮ್ ತಿಮಿಂಗಿಲದ ಉಸಿರು ನೆಟ್ಟಗಿರದೆ ಮುಂದಕ್ಕೆ, ಎಡಕ್ಕೆ ಓರೆಯಾಗಿ ಚಿಮ್ಮುತ್ತದೆ. ಅದು ಹಲ್ಲಿರುವ ತಿಮಿಂಗಿಲ, ಆಳಕ್ಕಿಳಿದು ಬೊಂಡಾಸ್ (ಸ್ಕ್ವಿಡ್) ಜಾತಿಯ ಜೀವಿಗಳನ್ನು ಬೇಟೆಯಾಡುತ್ತದೆ. ಹೆಣ್ಣುಗಳೂ ಮರಿಗಳೂ ಗುಂಪಾಗಿ ಇರುತ್ತವೆ. ಬ್ರೈಡ್ಸ್ ತಿಮಿಂಗಿಲದ ತಲೆಯ ಮೇಲೆ ಮೂರು ಉದ್ದನೆಯ ಏಣುಗಳಿರುತ್ತವೆ, ಹತ್ತಿರದಿಂದ ಕಂಡರೆ ಮಾತ್ರ ಗೊತ್ತಾಗುತ್ತದೆ. ಸ್ಪಿನ್ನರ್ ಡಾಲ್ಫಿನ್‌ಗಳನ್ನು ಗುರುತಿಸಲು ಯಾರ ನೆರವೂ ಬೇಡ: ನೀರಿನಿಂದ ಹಾರಿ ಬುಗುರಿಯಂತೆ ತಿರುಗಿ ಬೀಳುವವೇ ಅವು.

ತಿಮಿಂಗಿಲ ಆಳಕ್ಕೆ ಮುಳುಗುವಾಗ ಕೆಲವೊಮ್ಮೆ ಬಾಲವನ್ನು ಪೂರ್ತಿ ಮೇಲಕ್ಕೆತ್ತುತ್ತದೆ. ಎಲ್ಲರ ಕ್ಯಾಮೆರಾಗಳೂ ಕಾಯುವುದು ಅದಕ್ಕೇ. ಬಾಲ ಇಳಿದ ಮೇಲೆ ಕ್ಯಾಮೆರಾ ಕೆಳಗಿಟ್ಟು ಅದೇ ಜಾಗವನ್ನು ನೋಡಿ: ಸುತ್ತಲೂ ಸಣ್ಣ ಅಲೆಗಳು ಆಡುತ್ತಿದ್ದರೂ ಅಲ್ಲೊಂದು ವೃತ್ತ ಮಾತ್ರ ಎಣ್ಣೆ ಸವರಿದಂತೆ ನುಣ್ಣಗೆ ಉಳಿದಿರುತ್ತದೆ. ಬಾಲದ ಬೀಸಿಗೆ ಮೇಲಕ್ಕೆ ಬಂದ ನೀರು ಅಲೆಗಳನ್ನು ಒತ್ತಿ ಹಿಡಿದದ್ದರ ಗುರುತು ಅದು. ಬೋಟಿನವರು ಅದನ್ನು ನೋಡಿಯೇ ಪ್ರಾಣಿ ಎತ್ತ ಹೋಯಿತೆಂದು ಅಂದಾಜು ಮಾಡುತ್ತಾರೆ. ನೀಲಿ ತಿಮಿಂಗಿಲವಾದರೆ ಹತ್ತರಿಂದ ಇಪ್ಪತ್ತು ನಿಮಿಷದೊಳಗೆ ಮತ್ತೆ ಏಳುವುದು ವಾಡಿಕೆ. ಸ್ಪರ್ಮ್ ತಿಮಿಂಗಿಲವಾದರೆ ಮುಕ್ಕಾಲು ಗಂಟೆ ಕಾಯಬೇಕಾದೀತು.

ತಿಮಿಂಗಿಲ ಮೀನಲ್ಲವೇ?

ಅಲ್ಲ. ಅದು ಶ್ವಾಸಕೋಶದಿಂದ ಉಸಿರಾಡುವ, ಮರಿ ಹಾಕಿ ಹಾಲೂಡುವ ಸಸ್ತನಿ. ಮೀನಿನ ಬಾಲ ನೆಟ್ಟಗಿದ್ದು ಎಡಬಲಕ್ಕೆ ಆಡುತ್ತದೆ, ತಿಮಿಂಗಿಲದ ಬಾಲ ಅಡ್ಡಲಾಗಿದ್ದು ಮೇಲೆ ಕೆಳಗೆ ಆಡುತ್ತದೆ. ಹಳಬರಿಗೆ ಮೀನೆಂದೇ ಅನ್ನಿಸಿತ್ತು: ಸಂಸ್ಕೃತದಲ್ಲಿ ತಿಮಿ ಎಂದರೆ ದೊಡ್ಡ ಮೀನು, ಅದನ್ನು ನುಂಗುವುದು ತಿಮಿಂಗಿಲ. ಅದನ್ನೂ ನುಂಗುವ ತಿಮಿಂಗಿಲಗಿಲ ಎಂಬುದೊಂದನ್ನು ಕಲ್ಪಿಸಿದ್ದರು. ಬೋಟಿನ ಹುಡುಗರು ಸಿಂಹಳದಲ್ಲಿ 'ತಲ್ಮಸಾ' ಎಂದು ಕೂಗಿದರೆ ಎದ್ದು ನಿಲ್ಲಿ.

ವಾಂತಿಯಾಗುತ್ತದೆಯೇ?

ಆಗುವವರಿಗೆ ಆಗುತ್ತದೆ. ಆಗುಂಬೆ ಅಥವಾ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿ ಪಕ್ಕದ ಸೀಟೇ ಬೇಕು ಎನ್ನುವವರು ಇಲ್ಲಿಯೂ ಜಾಗರೂಕರಾಗಿರಬೇಕು. ಬೋಟು ಸಾಗುತ್ತಿರುವಾಗ ಅಷ್ಟು ತೊಂದರೆಯಿಲ್ಲ. ತಿಮಿಂಗಿಲಕ್ಕಾಗಿ ಕಾಯುತ್ತ ಎಂಜಿನ್ ನಿಲ್ಲಿಸಿದಾಗ ಬೋಟು ಎಲ್ಲ ದಿಕ್ಕಿಗೂ ತೊನೆಯುತ್ತದೆ, ಆಗಲೇ ಹೊಟ್ಟೆ ತೊಳಸುವುದು. ನಿಮ್ಮ ವೈದ್ಯರನ್ನು ಕೇಳಿ ಪ್ರಯಾಣದ ವಾಕರಿಕೆಗೆ ಮಾತ್ರೆ ತೆಗೆದುಕೊಳ್ಳುವುದಾದರೆ ಹೊರಡುವ ಮೊದಲೇ ನುಂಗಿರಬೇಕು. ತಲೆ ಸುತ್ತತೊಡಗಿದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬರಿಹೊಟ್ಟೆಯೂ ಬೇಡ, ಎಣ್ಣೆಯ ತಿಂಡಿಯೂ ಬೇಡ. ಕೆಳಗಿನ ಅಟ್ಟದಲ್ಲಿ, ಬೋಟಿನ ನಡುಭಾಗದಲ್ಲಿ ಕುಳಿತು ದೂರದ ದಿಗಂತವನ್ನು ನೋಡುತ್ತಿರಿ. ಮೊಬೈಲ್ ಪರದೆಯನ್ನು ನೋಡಬೇಡಿ. ಒಣಶುಂಠಿಯೋ ಶುಂಠಿ ಪೆಪ್ಪರ್‌ಮಿಂಟೋ ಜೇಬಿನಲ್ಲಿದ್ದರೆ ಒಳ್ಳೆಯದು. ಇಷ್ಟಾಗಿಯೂ ವಾಂತಿಯಾದರೆ ಸಂಕೋಚ ಬೇಡ, ಸಿಬ್ಬಂದಿಯ ಬಳಿ ಅದಕ್ಕೆಂದೇ ಚೀಲಗಳಿರುತ್ತವೆ.

ಮಕ್ಕಳು, ವಯಸ್ಸಾದವರು ಬರಬಹುದೇ?

ಶಾಲೆಗೆ ಹೋಗುವ ಮಕ್ಕಳು ಬರಬಹುದು, ಅವರ ಅಳತೆಯ ಲೈಫ್ ಜಾಕೆಟ್ ಇದೆಯೆಂದು ಖಚಿತಪಡಿಸಿಕೊಳ್ಳಿ. ಪ್ರವಾಸ ಮೂರರಿಂದ ಐದು ಗಂಟೆ ಹಿಡಿಯುವುದರಿಂದ ಕೈಗೂಸುಗಳನ್ನು ಕರೆತರದಿರುವುದು ಮೇಲು. ಗರ್ಭಿಣಿಯರು ಮತ್ತು ಬೆನ್ನುನೋವಿರುವವರು ಬೋಟಿನ ಕುಕ್ಕುವಿಕೆಯನ್ನು ಗಮನದಲ್ಲಿಟ್ಟುಕೊಂಡು ನಿರ್ಧರಿಸಬೇಕು. ಮಂಡಿನೋವಿನ ಹಿರಿಯರಿಗೆ ಕಷ್ಟವಾಗುವುದು ಕಡಲಿನಲ್ಲಲ್ಲ, ಬಂದರಿನಲ್ಲಿ ಅಲುಗಾಡುವ ಬೋಟಿಗೆ ಹತ್ತಿ ಇಳಿಯುವಾಗ.

ಏನೇನು ತೆಗೆದುಕೊಂಡು ಹೋಗಬೇಕು?

ಗಲ್ಲದ ಕೆಳಗೆ ದಾರ ಕಟ್ಟಿಕೊಳ್ಳುವ ಟೋಪಿ, ತಂಪು ಕನ್ನಡಕ, ಸನ್‌ಸ್ಕ್ರೀನ್, ಕುಡಿಯುವ ನೀರು, ಬೆಳಗಿನ ಗಾಳಿಗೆ ಒಂದು ತೆಳು ಜಾಕೆಟ್. ದುರ್ಬೀನು ಇದ್ದರೆ ತನ್ನಿ. ಫೋನಿಗೆ ನೀರು ತಾಗದ ಚೀಲ ಬೇಕು. ದಾರವಿಲ್ಲದ ಟೋಪಿಗಳು ಹಿಂದೂ ಮಹಾಸಾಗರಕ್ಕೆ ಸೇರುತ್ತವೆ.

ಸಸ್ಯಾಹಾರಿಗಳಿಗೆ ತಿಂಡಿ?

ಬೋಟಿನಲ್ಲಿ ಸಾಮಾನ್ಯವಾಗಿ ಬ್ರೆಡ್ಡು, ಬಾಳೆಹಣ್ಣು, ಕಲ್ಲಂಗಡಿ, ಚಹಾ ಕೊಡುತ್ತಾರೆ. ಊರಿನ ಹೋಟೆಲುಗಳಲ್ಲಿ ಮಾತ್ರ ಒಂದು ಎಚ್ಚರ: ನಮ್ಮ ಕಾಯಿ ಚಟ್ನಿಯನ್ನು ಹೋಲುವ 'ಪೊಲ್ ಸಂಬೋಲ'ಕ್ಕೆ ಉಂಬಲಕಡ ಎಂಬ ಒಣಮೀನಿನ ಚೂರು ಹಾಕುವ ರೂಢಿಯಿದೆ, ಕೆಲವು ತರಕಾರಿ ಪಲ್ಯಗಳಿಗೂ ಹಾಕುತ್ತಾರೆ. 'ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಸಾಲದು, ಉಂಬಲಕಡ ಬೇಡವೆಂದು ಹೆಸರು ಹಿಡಿದೇ ಹೇಳಿ. ನಮ್ಮ ಒತ್ತುಶಾವಿಗೆಯ ಬಂಧುವಾದ ಇಡಿಯಪ್ಪವೂ ತೆಂಗಿನಹಾಲಿನ ಬೇಳೆಸಾರೂ ದಕ್ಷಿಣ ಕನ್ನಡದವರಿಗೆ ಮನೆಯೂಟದಂತೆಯೇ ಅನ್ನಿಸೀತು.

ತಿಮಿಂಗಿಲದ ಜೊತೆ ಈಜಬಹುದೇ?

ಮಿರಿಸ್ಸಾದ ಸಾಮಾನ್ಯ ಪ್ರವಾಸಗಳಲ್ಲಿ ಅದಕ್ಕೆ ಅವಕಾಶವಿಲ್ಲ. ಗುಟ್ಟಾಗಿ ಇಳಿಸುತ್ತೇನೆಂದು ಹೇಳುವವರನ್ನು ನಂಬಬೇಡಿ.

ನಾವು ನೋಡಲು ಹೋಗುವುದರಿಂದ ತಿಮಿಂಗಿಲಗಳಿಗೆ ತೊಂದರೆಯಲ್ಲವೇ?

ತೊಂದರೆಯಾಗಬಲ್ಲದು. ಅಟ್ಟಿಸಿಕೊಂಡು ಹೋಗುವ ಬೋಟಿನಿಂದಾಗಿ ತಿಮಿಂಗಿಲ ಉಸಿರಾಟವನ್ನು ಅರ್ಧಕ್ಕೆ ಬಿಟ್ಟು ಮುಳುಗುತ್ತದೆ, ಮೇಯುವ ಹೊತ್ತನ್ನು ಕಳೆದುಕೊಳ್ಳುತ್ತದೆ. ಹಾಗಾಗಿಯೇ ಬೋಟಿನ ಆಯ್ಕೆಯ ಬಗ್ಗೆ ಅಷ್ಟು ಉದ್ದಕ್ಕೆ ಬರೆದೆ. ಆದರೆ ಇನ್ನೂ ದೊಡ್ಡ ಅಪಾಯ ಬೇರೆಯೇ ಇದೆ. ದೊಂಡ್ರಾ ಭೂಶಿರದ ದಕ್ಷಿಣಕ್ಕೆ, ತಿಮಿಂಗಿಲಗಳು ಮೇಯುವ ಜಾಗದಲ್ಲೇ, ಸುಯೆಜ್ ಕಡೆಯಿಂದ ಸಿಂಗಾಪುರದ ಕಡೆಗೆ ಹೋಗುವ ಸರಕು ಹಡಗುಗಳ ಹೆದ್ದಾರಿ ಹಾದುಹೋಗುತ್ತದೆ. ಜಗತ್ತಿನ ಅತಿ ದಟ್ಟಣೆಯ ಜಲಮಾರ್ಗಗಳಲ್ಲಿ ಅದೂ ಒಂದು. ಬೋಟಿನ ಮೇಲಿನಿಂದಲೇ ನಿಮಗೆ ಆ ಹಡಗುಗಳ ಸಾಲು ಕಾಣುತ್ತದೆ. ಡಿಕ್ಕಿ ಹೊಡೆದದ್ದು ಹಡಗಿನವರಿಗೆ ಗೊತ್ತೇ ಆಗದಿರುವುದೂ ಉಂಟು. ಈ ಮಾರ್ಗವನ್ನು ಸ್ವಲ್ಪ ದಕ್ಷಿಣಕ್ಕೆ ಸರಿಸಿದರೆ ಡಿಕ್ಕಿಗಳು ಬಹಳ ಕಡಿಮೆಯಾಗುತ್ತವೆಂದು ಸಂಶೋಧಕರು ವರ್ಷಗಳಿಂದ ಹೇಳುತ್ತಿದ್ದಾರೆ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಕಂಟೇನರ್ ಹಡಗು ಸಂಸ್ಥೆ ತನ್ನ ಹಡಗುಗಳನ್ನು ಸ್ವಇಚ್ಛೆಯಿಂದ ಸುಮಾರು 15 ನಾಟಿಕಲ್ ಮೈಲಿ ದಕ್ಷಿಣಕ್ಕೆ ತಿರುಗಿಸಿತು.

ಇನ್ನೊಂದು ಮುಖವನ್ನೂ ಹೇಳಬೇಕು. 2004ರ ಸುನಾಮಿ ಈ ಕರಾವಳಿಯನ್ನು ಅಪ್ಪಳಿಸಿತು, ಅಂತರ್ಯುದ್ಧ ಮುಗಿದದ್ದು 2009ರಲ್ಲಿ. ಆ ನಂತರ ಪ್ರವಾಸಿಗರು ಬರತೊಡಗಿದಾಗ ಮೀನುಗಾರರ ಮನೆಗಳಿಗೆ ತಿಮಿಂಗಿಲಗಳಿಂದ ಹೊಸದೊಂದು ಸಂಪಾದನೆ ಸಿಕ್ಕಿತು. ಬದುಕಿರುವ ತಿಮಿಂಗಿಲಕ್ಕೆ ಬೆಲೆಯಿದೆ ಎಂಬುದು ಅಲ್ಲಿನವರಿಗೆ ಈಗ ಲೆಕ್ಕದ ಮಾತು. 1979ರಲ್ಲೇ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮವೆಂದು ಘೋಷಿಸಿದೆ. ಅದಕ್ಕೂ ಮೊದಲು, 1960ರ ದಶಕದಲ್ಲಿ, ಸೋವಿಯತ್ ಹಡಗುಗಳು ಅರಬ್ಬೀ ಸಮುದ್ರದಲ್ಲಿ ಕದ್ದುಮುಚ್ಚಿ ಇವನ್ನು ಬೇಟೆಯಾಡಿದ್ದವು.

ಕರ್ನಾಟಕದಲ್ಲೇ ಇಂಥ ಪ್ರವಾಸ ಇಲ್ಲವೇ?

ಕಾರವಾರ, ಗೋಕರ್ಣಗಳ ಬಳಿ ಡಾಲ್ಫಿನ್ ನೋಡಲು ಬೋಟುಗಳು ಹೋಗುತ್ತವೆ. ತಿಮಿಂಗಿಲಗಳು ನಮ್ಮ ಕಡಲಿನಲ್ಲಿಯೂ ಇವೆ, ಸತ್ತು ದಡ ಸೇರಿದ ಸುದ್ದಿ ಆಗಾಗ ಬರುತ್ತದೆ. ಆದರೆ ಮೊದಲ ಉತ್ತರದಲ್ಲಿ ಹೇಳಿದಂತೆ ಆಳಸಮುದ್ರ ದೂರವಿರುವುದರಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಹಿಂತಿರುಗುವ ಪ್ರವಾಸ ಇಲ್ಲಿ ಹೊಂದುವುದಿಲ್ಲ.

ಪತ್ರಿಕೆಗಳಲ್ಲಿ ಬರುವ 'ತಿಮಿಂಗಿಲ ವಾಂತಿ' ಅಲ್ಲಿ ಸಿಗುತ್ತದೆಯೇ?

ತಮಾಷೆಗೆಂದು ಕೇಳುವವರೇ ಹೆಚ್ಚು, ಆದರೂ ಉತ್ತರಿಸುತ್ತೇನೆ. ಅಂಬರ್‌ಗ್ರಿಸ್ ಎಂಬ ಆ ವಸ್ತು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಜೀರ್ಣವಾಗದ ಬೊಂಡಾಸ್ ಕೊಕ್ಕುಗಳ ಸುತ್ತ ಉಂಟಾಗುವ ಮೇಣದಂಥ ಗಟ್ಟಿ. ವಾಂತಿ ಎಂಬುದು ಬಾಯಿಮಾತು. ಸುಗಂಧದ್ರವ್ಯಕ್ಕೆ ಬಳಸುವುದರಿಂದ ಅದಕ್ಕೆ ಭಾರಿ ಬೆಲೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಕಡಲತೀರದಲ್ಲಿ ಯಾರಾದರೂ ಗುಟ್ಟಾಗಿ ತುಣುಕು ತೋರಿಸಿದರೆ ಅದು ನಕಲಿಯಾಗಿದ್ದರೆ ದುಡ್ಡು ಹೋಗುತ್ತದೆ, ಅಸಲಿಯಾಗಿದ್ದರೆ ನೀವೇ ಜೈಲಿಗೆ ಹೋಗುತ್ತೀರಿ.

ಹಿಂತಿರುಗಿದ ಮೇಲೆ ಉಳಿದ ಹೊತ್ತಿನಲ್ಲಿ ಏನು ನೋಡಬಹುದು?

ಬೋಟು ಸಾಮಾನ್ಯವಾಗಿ ಮಧ್ಯಾಹ್ನದೊಳಗೆ ದಡ ಸೇರುತ್ತದೆ. ನೆಲದ ಮೇಲೆ ನಿಂತರೂ ಒಂದೆರಡು ಗಂಟೆ ಕಾಲಡಿ ತೊನೆದಂತೆಯೇ ಅನ್ನಿಸುವುದರಿಂದ ಮೊದಲು ಊಟ ಮಾಡಿ ಮಲಗಿ. ಸಂಜೆ ಗಾಲೆಯ ಕೋಟೆಗೆ ಹೋಗಬಹುದು. ಪೋರ್ಚುಗೀಸರು ಶುರುಮಾಡಿ ಡಚ್ಚರು ಭದ್ರಪಡಿಸಿದ ಆ ಕೋಟೆ 1988ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅದಕ್ಕಿಂತ ಹತ್ತಿರದ್ದು, ಜನಜಂಗುಳಿಯೂ ಕಡಿಮೆಯಿರುವುದು ದೊಂಡ್ರಾದ ದೀಪಸ್ತಂಭ. ಅದು ದ್ವೀಪದ ದಕ್ಷಿಣದ ತುತ್ತತುದಿ, ಅಲ್ಲಿಂದ ನೇರ ದಕ್ಷಿಣಕ್ಕೆ ಅಂಟಾರ್ಕ್ಟಿಕದವರೆಗೆ ನೆಲವಿಲ್ಲ. ಬೆಳಿಗ್ಗೆ ನೀವು ಹೋಗಿದ್ದ ನೀರು ಅಲ್ಲಿಂದ ಕಾಣುತ್ತದೆ, ಅದರಾಚೆ ಹಡಗುಗಳ ಸಾಲೂ ಕಾಣುತ್ತದೆ. ದುರ್ಬೀನನ್ನು ಕೋಣೆಯಲ್ಲಿ ಬಿಟ್ಟು ಹೋಗಬೇಡಿ.